ಕಲಿಕೆಯ ಹೆಸರಿನಲ್ಲಿ ಬಿಟ್ಟಿ ಚಾಕರಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆ ಕಟ್ಟುವವರು ಯಾರು? ಯಾರನ್ನು ಕೇಳಿದರೂ ಉತ್ತರ ಒಂದೇ: ಮೇಸ್ತ್ರಿ. ಆಯ ಅಳೆಯುವುದರಿಂದ ಹಿಡಿದು ತಾರಸಿಗೆ ನೀರು ಕಟ್ಟುವವರೆಗೆ ಎಲ್ಲವೂ ಅವರದೇ ಉಸ್ತುವಾರಿ. ಅವರ ಹಿಂದೆ ಗಾರೆಯವರು, ಬಡಗಿಗಳು, ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು, ಟೈಲ್ಸ್ ಹಾಕುವವರು, ಬಣ್ಣ ಬಳಿಯುವವರು. ಇವರಲ್ಲಿ ಮುಸ್ಲಿಮರಿದ್ದಾರೆ, ವಿಶ್ವಕರ್ಮರಿದ್ದಾರೆ, ದಲಿತರಿದ್ದಾರೆ, ನೆರೆಯ ತಮಿಳುನಾಡಿನಿಂದಲೂ ದೂರದ ಬಿಹಾರದಿಂದಲೂ ಬಂದವರಿದ್ದಾರೆ. ಮನೆ ಕಟ್ಟಿಸುವ ಬಹುಪಾಲು ಜನ ಆರ್ಕಿಟೆಕ್ಟ್ ಎಂಬವರ ಮುಖವನ್ನೇ ನೋಡಿರುವುದಿಲ್ಲ. ನಕ್ಷೆಯ ಅಗತ್ಯ ಬಿದ್ದರೆ ಊರಿನ ಎಂಜಿನಿಯರರ ಬಳಿ ಹೋಗುತ್ತಾರೆ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಕೇಳಲು ವಾಸ್ತು ಪಂಡಿತರ ಬಳಿ ಹೋಗುತ್ತಾರೆ. ಅಂದ ಹಾಗೆ, ಈ ಪಂಡಿತರಿಗೆ ನೋಂದಣಿಯೂ ಬೇಡ, ತರಬೇತಿಯೂ ಬೇಡ.

ಹೀಗಿರುವಾಗ ಈ ನಾಲ್ಕು ತಾಲ್ಲೂಕುಗಳ ಮಕ್ಕಳಲ್ಲೇ ಕೆಲವರು ಆರ್ಕಿಟೆಕ್ಟ್ ಆಗಲು ಹೊರಟರೆ ನಾವೆಲ್ಲ ಸಂತೋಷಪಡಬೇಕಾದದ್ದೇ. ಮೂರು ತಲೆಮಾರು ಗಾರೆ ಕಲಸಿದ ಮನೆಯಿಂದ ಒಬ್ಬ ಹುಡುಗ, ಒಬ್ಬ ಹುಡುಗಿ ನಕ್ಷೆ ಬರೆಯಲು ಕಲಿತು ಬಂದರೆ ಊರಿಗೆ ಅದಕ್ಕಿಂತ ದೊಡ್ಡ ಲಾಭ ಯಾವುದು? ಆದರೆ ಆ ದಾರಿಯ ಮಧ್ಯದಲ್ಲಿ ಒಂದು ಗೇಟು ಇದೆ. ಅದರ ಹೆಸರು ಪ್ರಾಯೋಗಿಕ ತರಬೇತಿ. ಹೆಸರು ಚೆನ್ನಾಗಿದೆ, ಉದ್ದೇಶವೂ ಚೆನ್ನಾಗಿದೆ. ಆದರೆ ಆ ಗೇಟನ್ನು ಈಗ ಕಾಯುತ್ತಿರುವುದು ದುಡ್ಡು. ಬಡವರ ಮಕ್ಕಳು ಅಲ್ಲಿ ತಡವರಿಸುತ್ತಾರೆ; ಉಳ್ಳವರ ಮಕ್ಕಳಿಗೆ ಅಂಥದೊಂದು ಗೇಟು ಇದೆಯೆಂಬುದೇ ಗಮನಕ್ಕೆ ಬರುವುದಿಲ್ಲ.

ಕಾನೂನು ಹೇಳುವುದೇನು?

ಸಂಸತ್ತು ವಾಸ್ತುಶಿಲ್ಪಿಗಳ ಕಾಯ್ದೆಯನ್ನು ಮಾಡಿದ್ದು 1972ರಲ್ಲಿ. ಅದರಡಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್, ಅಂದರೆ ವಾಸ್ತುಶಿಲ್ಪ ಪರಿಷತ್ತು ಸ್ಥಾಪನೆಯಾಯಿತು. ಮಾನ್ಯತೆ ಪಡೆದ ಪದವಿ ಇರುವವರ ಹೆಸರನ್ನು ಪರಿಷತ್ತು ತನ್ನ ರಿಜಿಸ್ಟರಿನಲ್ಲಿ ದಾಖಲಿಸಿಕೊಳ್ಳುತ್ತದೆ. ಆ ರಿಜಿಸ್ಟರಿನಲ್ಲಿ ಹೆಸರಿದ್ದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಪದವಿ ಐದು ವರ್ಷದ್ದು, ಹತ್ತು ಸೆಮಿಸ್ಟರಿನದು. ಅದರಲ್ಲಿ ಒಂದು ಸೆಮಿಸ್ಟರನ್ನು, ಸುಮಾರು 16 ವಾರಗಳನ್ನು, ವೃತ್ತಿಪರ ಕಚೇರಿಯೊಂದರಲ್ಲಿ ತರಬೇತಿಗಾಗಿ ಕಳೆಯಬೇಕೆಂದು ಪರಿಷತ್ತಿನ 1983ರ ಶಿಕ್ಷಣ ನಿಯಮಗಳು ಹೇಳಿದವು. 2020ರಲ್ಲಿ ಹೊಸ ನಿಯಮಗಳು ಬಂದರೂ ಒಂದು ಸೆಮಿಸ್ಟರಿನ ತರಬೇತಿ ಹಾಗೆಯೇ ಉಳಿಯಿತು. ಅದನ್ನು ಪೂರೈಸದೆ ಪದವಿಯಿಲ್ಲ, ಪದವಿಯಿಲ್ಲದೆ ನೋಂದಣಿಯಿಲ್ಲ.

ಇದೇ ಕಾಯ್ದೆಯಲ್ಲಿ ಜನ ಮರೆತುಬಿಟ್ಟಿರುವ ಒಂದು ಸಂಗತಿಯಿದೆ. ಮೊದಲ ರಿಜಿಸ್ಟರ್ ಸಿದ್ಧವಾಗುವಾಗ ಪದವಿ ಇಲ್ಲದವರಿಗೂ 25ನೇ ಕಲಮಿನಲ್ಲಿ ಒಂದು ಬಾಗಿಲು ತೆರೆಯಲಾಗಿತ್ತು. ನಿಗದಿತ ದಿನಕ್ಕೆ ಮುಂಚೆ ಕನಿಷ್ಠ ಐದು ವರ್ಷ ವಾಸ್ತುಶಿಲ್ಪಿಯಾಗಿ ವೃತ್ತಿ ಮಾಡಿದ್ದವರು ಕಾಲೇಜಿನ ಕಾಗದವಿಲ್ಲದೆಯೂ ನೋಂದಣಿಗೆ ಅರ್ಹರಾಗಿದ್ದರು. ಅಂದರೆ ಕೈಯಿಂದ ಕಲಿತ ವಿದ್ಯೆಯೂ ವಿದ್ಯೆಯೇ ಎಂದು ಕಾನೂನು ಒಂದು ಗಳಿಗೆ ಒಪ್ಪಿಕೊಂಡಿತ್ತು. ಆ ಗಳಿಗೆ ಕಳೆಯಿತು, ಬಾಗಿಲು ಮುಚ್ಚಿತು. ಅಂದು ಒಳಗೆ ಹೋದವರು ಒಳಗಾದರು. ಆಮೇಲೆ ಬಂದವರಿಗೆಲ್ಲ ಕಾಲೇಜಿನ ದಾರಿಯೊಂದೇ ಉಳಿಯಿತು.

ಅದೇ 1972ರಲ್ಲಿ ಕರ್ನಾಟಕದಲ್ಲಿ ಏನು ನಡೆಯಿತೆಂಬುದನ್ನೂ ನೆನಪಿಸಿಕೊಳ್ಳಬೇಕು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಆ ವರ್ಷ ಮುಖ್ಯಮಂತ್ರಿಯಾದರು. ಹಿಂದುಳಿದವರಿಗೆ ಶಿಕ್ಷಣ ಮತ್ತು ಉದ್ಯೋಗದ ಬಾಗಿಲು ತೆರೆಯುವುದು ಹೇಗೆಂದು ತಿಳಿಯಲು ಎಲ್.ಜಿ. ಹಾವನೂರರ ಆಯೋಗವನ್ನು ರಚಿಸಿದರು. ಆಯೋಗ 1975ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು ಇಂದು ನಮ್ಮ ನಡುವೆ ಸಾವಿರಾರು ಮಂದಿ ಇದ್ದಾರೆ. ಆದರೆ ಮೀಸಲಾತಿ ಕೆಲಸ ಮಾಡುವುದು ಪ್ರವೇಶದ ದಿನ ಮಾತ್ರ. ಸೀಟು ಸಿಕ್ಕ ಮೇಲೆ ನಡುದಾರಿಯಲ್ಲಿ ಯಾವ ಯಾವ ಗೇಟುಗಳಿವೆ, ಅಲ್ಲಿ ಯಾರು ನಿಂತುಹೋಗುತ್ತಾರೆ ಎಂದು ಯಾವ ಆಯೋಗವೂ ನೋಡುವುದಿಲ್ಲ.

ಲೆಕ್ಕ ಹಾಕಿ ನೋಡಿ

ಹುಣಸೂರಿನ ಮೇಸ್ತ್ರಿಯೊಬ್ಬರ ಮಗಳು ಬಿ.ಆರ್ಕ್. ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಸಿಇಟಿ ಪ್ರಾಧಿಕಾರದ ಮೂಲಕ ಸೀಟು ಸಿಕ್ಕಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವೋ ಬ್ಯಾಂಕಿನ ಸಾಲವೋ ಶುಲ್ಕಕ್ಕೆ ಆಸರೆಯಾಗಿದೆ. ಡ್ರಾಯಿಂಗ್ ಹಾಳೆ, ಮಾದರಿ ಮಾಡುವ ಸಾಮಾನು, ಲ್ಯಾಪ್‌ಟಾಪ್, ಪ್ರವಾಸ ಎಂದು ಈ ಓದಿನಲ್ಲಿ ಶುಲ್ಕದ ಹೊರಗಿನ ಖರ್ಚೇ ಹೆಚ್ಚು. ಅದನ್ನೂ ಅಪ್ಪ ಹೇಗೋ ಹೊಂದಿಸಿದ್ದಾರೆ. ಈಗ ತರಬೇತಿಯ ಸೆಮಿಸ್ಟರ್ ಬಂತು.

ಒಳ್ಳೆಯ ಕಚೇರಿಗಳಿರುವುದು ಬೆಂಗಳೂರಿನಲ್ಲಿ. ಅಲ್ಲಿ ಪಿಜಿಯೊಂದರಲ್ಲಿ ಊಟ ಸೇರಿ ತಿಂಗಳಿಗೆ ಏಳೆಂಟು ಸಾವಿರಕ್ಕಿಂತ ಕಡಿಮೆಗೆ ಮಂಚ ಸಿಗುವುದು ಕಷ್ಟ. ಮುಂಗಡ ಬೇರೆ, ಬಸ್ಸು ಮೆಟ್ರೋ ಬೇರೆ. ಬಾಡಿಗೆ ಕೋಣೆ ಹುಡುಕಿದರೆ ಹೆಸರು ಕೇಳಿದ ಮೇಲೆ ಖಾಲಿ ಇಲ್ಲ ಎನ್ನುವ ಮನೆಗಳೂ ಇವೆ. ಅದು ನಮ್ಮ ಓದುಗರಿಗೆ ಹೊಸ ಸುದ್ದಿಯೇನಲ್ಲ. ನಾಲ್ಕೈದು ತಿಂಗಳಿಗೆ ಲೆಕ್ಕ ಹಾಕಿದರೆ ಅರ್ಧ ಲಕ್ಷ ಬೇಕು. ಕಾಲೇಜಿನ ಶುಲ್ಕ ವರ್ಷದ ಲೆಕ್ಕದ್ದು, ತರಬೇತಿಯ ಸೆಮಿಸ್ಟರೂ ಅದರೊಳಗೇ ಸೇರಿದೆ. ಅಂದರೆ ಕಾಲೇಜಿನಲ್ಲಿ ಕೂರದ ದಿನಗಳಿಗೂ ಶುಲ್ಕ ತೆತ್ತು, ಕಚೇರಿಯಲ್ಲಿ ದುಡಿಯುವ ದಿನಗಳಿಗೆ ಕೈಯಿಂದ ಖರ್ಚು ಮಾಡಬೇಕು.

ಅದಕ್ಕೆ ಪ್ರತಿಯಾಗಿ ಸಿಗುವುದೇನು? ಕೆಲವು ಕಚೇರಿಗಳು ಗೌರವದಿಂದ ನಡೆಸಿಕೊಳ್ಳುತ್ತವೆ, ಸಂಭಾವನೆ ಕೊಡುತ್ತವೆ, ಕಲಿಸುತ್ತವೆ. ಅಂಥವರಿಗೆ ನಮಸ್ಕಾರ. ಆದರೆ ಬಹಳಷ್ಟು ಕಡೆ ಸಿಗುವುದು ಪಿಜಿ ಬಾಡಿಗೆಗೂ ಸಾಲದ ಪುಡಿಗಾಸು, ಕೆಲವು ಕಡೆ ಅದೂ ಇಲ್ಲ. ಅನುಭವವೇ ಸಂಬಳ ಎಂಬುದು ಸಿದ್ಧ ಉತ್ತರ. ಲ್ಯಾಪ್‌ಟಾಪ್ ಅವರದೇ, ರಾತ್ರಿ ಒಂಬತ್ತರವರೆಗೆ ಕಂಪ್ಯೂಟರಿನ ಮುಂದೆ ಕೂರುವ ಕಣ್ಣೂ ಅವರದೇ. ಶೌಚಾಲಯದ ಟೈಲ್ಸ್ ಜೋಡಣೆಯ ನಕ್ಷೆಯನ್ನು ಇಪ್ಪತ್ತು ಸಲ ತಿದ್ದುವುದು, ಯಾರೋ ಮಾಡಿದ ವಿನ್ಯಾಸಕ್ಕೆ ಬಣ್ಣ ತುಂಬುವುದು, ಗಿರಾಕಿಗೆ ತೋರಿಸುವ ಚಿತ್ರಗಳನ್ನು ಚೆಂದಗೊಳಿಸುವುದು. ಕಚೇರಿ ಆ ಕೆಲಸಕ್ಕೆ ಗಿರಾಕಿಯಿಂದ ದುಡ್ಡು ಪಡೆಯುತ್ತದೆ. ಹಾಗಾದರೆ ಅದು ಕೆಲಸವೇ ತಾನೆ? ಕೆಲಸವಾದರೆ ಕೂಲಿ ಎಲ್ಲಿ?

ಆ ಹುಡುಗಿಯ ತಂದೆಯ ಕಸುಬನ್ನೇ ನೋಡಿ. ಅವರ ಕೈಕೆಳಗೆ ಹೊಸದಾಗಿ ಸೇರಿದ ಹುಡುಗನಿಗೆ ಕರಣಿ ಹಿಡಿಯಲು ಬರುವುದಿಲ್ಲ. ಮರಳು ಜರಡಿ ಹಿಡಿಯುತ್ತಾನೆ, ಇಟ್ಟಿಗೆ ಹೊರುತ್ತಾನೆ, ತೂಕದ ಗುಂಡು ಹೇಗೆ ಬಿಡಬೇಕೆಂದು ನೋಡಿ ಕಲಿಯುತ್ತಾನೆ. ಅವನೂ ಶಿಷ್ಯನೇ. ಆದರೂ ಮೊದಲ ದಿನದಿಂದಲೇ ಅವನಿಗೆ ಕೂಲಿಯಿದೆ, ವಾರದ ಕೊನೆಗೆ ಬಟವಾಡೆಯಿದೆ. ನೀನಿನ್ನೂ ಕಲಿಯುತ್ತಿದ್ದೀಯ, ಆದ್ದರಿಂದ ಬಿಟ್ಟಿ ದುಡಿ ಎಂದು ಯಾವ ಮೇಸ್ತ್ರಿಯೂ ಹೇಳುವುದಿಲ್ಲ. ಹೇಳಿದರೆ ಆ ಹುಡುಗ ಮರುದಿನ ಬರುವುದೂ ಇಲ್ಲ. ಓದು ಬಾರದ ಮೇಸ್ತ್ರಿಗೆ ತಿಳಿದಿರುವ ಈ ನ್ಯಾಯ ಐದು ವರ್ಷ ಓದಿದವರಿಗೆ ಏಕೆ ತಿಳಿಯುವುದಿಲ್ಲ?

ಬೇರೆ ವೃತ್ತಿಗಳಲ್ಲಿ ಏನಿದೆ?

ಶಿಷ್ಯನಿಗೆ ಸಂಬಳ ಕೊಡುವ ಪದ್ಧತಿ ಎಲ್ಲೂ ಇಲ್ಲವೆಂದು ವಾದಿಸುವವರಿದ್ದಾರೆ. ಅವರು ಪಕ್ಕದ ವೃತ್ತಿಗಳತ್ತ ಒಮ್ಮೆ ಕಣ್ಣು ಹಾಯಿಸಲಿ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಾರೆ, ಅದಕ್ಕೆ ಶಿಷ್ಯವೇತನವಿದೆ. ಅದು ತಡವಾದಾಗ ಕಿರಿಯ ವೈದ್ಯರು ಬೀದಿಗಿಳಿಯುವುದನ್ನೂ ನೋಡಿದ್ದೇವೆ. ಹಕ್ಕೆಂದು ಬರೆದಿರುವುದರಿಂದಲೇ ಅವರು ಕೇಳಬಲ್ಲರು. ಚಾರ್ಟರ್ಡ್ ಅಕೌಂಟೆಂಟ್ ಆಗಲು ಆರ್ಟಿಕಲ್‌ಶಿಪ್ ಮಾಡುವವರಿಗೆ ಕನಿಷ್ಠ ಇಷ್ಟು ಕೊಡಲೇಬೇಕೆಂದು ಅವರ ಸಂಸ್ಥೆಯ ನಿಯಮದಲ್ಲೇ ಇದೆ. ಮೊತ್ತ ಚಿಕ್ಕದೆಂಬ ದೂರು ಇರಬಹುದು, ಆದರೆ ಸೊನ್ನೆಯಲ್ಲ.

ಕಾರ್ಖಾನೆಗಳ ಮಾತು ತೆಗೆದುಕೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಐಟಿಐ ಹುಡುಗನಿಗೂ ಎಂಜಿನಿಯರಿಂಗ್ ಪದವೀಧರನಿಗೂ ತರಬೇತಿಯ ಅವಧಿಯಲ್ಲಿ ಶಿಷ್ಯವೇತನ ಕಡ್ಡಾಯ. 2019ರ ತಿದ್ದುಪಡಿಯಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ನಿಗದಿಯಾಯಿತು. ಪದವೀಧರ ಮತ್ತು ಡಿಪ್ಲೊಮಾ ಅಪ್ರೆಂಟಿಸ್‌ಗಳ ವಿಷಯದಲ್ಲಿ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರಕಾರವೇ ಭರಿಸುವ ಏರ್ಪಾಟಿದೆ. ಆದರೆ ಓದಿನ ನಡುವೆ ತರಬೇತಿಗೆ ಹೋಗುವ ಬಿ.ಆರ್ಕ್. ವಿದ್ಯಾರ್ಥಿಯ ಮೇಲೆ ಸಾಮಾನ್ಯವಾಗಿ ಈ ಕಾಯ್ದೆಯ ನೆರಳು ಬೀಳುವುದಿಲ್ಲ. ವಾಸ್ತುಶಿಲ್ಪಿಗಳ 1972ರ ಕಾಯ್ದೆಯಲ್ಲಂತೂ ತರಬೇತಿಯವರ ವೇತನದ ಬಗ್ಗೆ ಒಂದು ಮಾತೂ ಇಲ್ಲ.

ಹೊರದೇಶಗಳ ಮಾತೂ ಇರಲಿ. ಬ್ರಿಟನ್ನಿನಲ್ಲಿ ದೀರ್ಘಕಾಲ ಎರಡು ವರ್ಷಗಳ ಕಚೇರಿ ಅನುಭವ ಕಡ್ಡಾಯವಾಗಿತ್ತು. ಅಲ್ಲಿಯೂ ಬಿಟ್ಟಿ ದುಡಿಸುವ ಚಾಳಿ ಹಬ್ಬಿತ್ತು. ಕೊನೆಗೆ 2011ರಲ್ಲಿ ಅಲ್ಲಿನ ವಾಸ್ತುಶಿಲ್ಪಿಗಳ ರಾಯಲ್ ಇನ್‌ಸ್ಟಿಟ್ಯೂಟ್, ತನ್ನ ಮಾನ್ಯತೆ ಬೇಕೆನ್ನುವ ಕಚೇರಿಗಳು ವಿದ್ಯಾರ್ಥಿಗಳಿಗೆ ದೇಶದ ಕನಿಷ್ಠ ವೇತನವನ್ನಾದರೂ ಕೊಡಲೇಬೇಕೆಂದು ನಿಯಮ ಮಾಡಿತು. ಅಮೆರಿಕದಲ್ಲಿ ಪರವಾನಗಿಗೆ 3,740 ಗಂಟೆಗಳ ಅನುಭವವನ್ನು ದಾಖಲಿಸಿ ಪರೀಕ್ಷೆ ಬರೆಯಬೇಕು. ಆ ಲೆಕ್ಕದಲ್ಲಿ ಕಟ್ಟಡದ ಸ್ಥಳದಲ್ಲಿ ದುಡಿದ ಗಂಟೆಗಳಿಗೂ ಒಂದಿಷ್ಟು ಜಾಗವಿದೆ. ನಮ್ಮಲ್ಲಿ ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಇಟ್ಟಿಗೆ ಹೊತ್ತ ಹುಡುಗನ ಬೆವರಿಗೆ ಯಾವ ದಾಖಲೆ ಪುಸ್ತಕದಲ್ಲೂ ಜಾಗವಿಲ್ಲ.

ಹಿಂದಿನ ಕಾಲದಲ್ಲಿ ಗುರುವಿನ ಮನೆಯಲ್ಲಿ ಚಾಕರಿ ಮಾಡಿ ಕಲಿಯುತ್ತಿರಲಿಲ್ಲವೇ ಎಂಬ ಪ್ರಶ್ನೆಯೂ ಬರುತ್ತದೆ. ಕಲಿಯುತ್ತಿದ್ದರು. ಆದರೆ ಗುರು ಶಿಷ್ಯನಿಗೆ ಊಟ ಹಾಕುತ್ತಿದ್ದ, ಮಲಗಲು ಜಾಗ ಕೊಡುತ್ತಿದ್ದ. ಇಸ್ತಾಂಬುಲಿನ ಸುಲೇಮಾನಿಯಾ ಮಸೀದಿಯನ್ನು ಕಟ್ಟಿದ ಸಿನಾನ್ ಹದಿನಾರನೆಯ ಶತಮಾನದ ಮಹಾ ವಾಸ್ತುಶಿಲ್ಪಿ. ಅವನು ವಿದ್ಯೆ ಕಲಿತದ್ದು ಸೈನ್ಯದಲ್ಲಿ, ಸೇತುವೆ ಕೋಟೆಗಳ ಕೆಲಸದಲ್ಲಿ. ಆ ಸೈನಿಕರಿಗೆ ಸುಲ್ತಾನನ ಖಜಾನೆಯಿಂದ ಸಂಬಳ ಸಲ್ಲುತ್ತಿತ್ತು. ಹಳೆಯ ಕಾಲದ ಗುರುಕುಲವನ್ನು ಹೊಗಳುವವರು ಅದರ ಚಾಕರಿಯನ್ನು ಮಾತ್ರ ಇಟ್ಟುಕೊಂಡು ಅನ್ನವನ್ನು ಬಿಟ್ಟುಬಿಟ್ಟರೆ ಅದನ್ನು ಏನೆಂದು ಕರೆಯಬೇಕು?

ಕಲಿಯಬೇಕಾದದ್ದು ಎಲ್ಲಿದೆ?

ದುಡ್ಡಿನ ಪ್ರಶ್ನೆ ಪರಿಹಾರವಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಕಲಿತದ್ದು ಯಾರಿಗೆ ಉಪಯೋಗ? ವಿಲ್ಲಾ, ಅಪಾರ್ಟ್‌ಮೆಂಟ್, ಐಟಿ ಕಂಪನಿಯ ಒಳಾಂಗಣ ಇವನ್ನು ಕಲಿತ ಹುಡುಗಿ ಹುಣಸೂರಿಗೆ ಮರಳಿ ಏನು ಮಾಡಬೇಕು? ಆದ್ದರಿಂದ ಅವಳು ಮರಳುವುದೇ ಇಲ್ಲ. ತರಬೇತಿ ಎಂಬುದು ಕೊನೆಗೆ ಊರು ಬಿಡಿಸುವ ತರಬೇತಿಯಾಗುತ್ತದೆ.

ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕಲಿಯಲು ಏನಿಲ್ಲ? ಇದು ವರ್ಜೀನಿಯಾ ತಂಬಾಕಿನ ಸೀಮೆ. ಹೊಲದ ಅಂಚಿನಲ್ಲಿ ಎತ್ತರಕ್ಕೆ ನಿಂತ ಬ್ಯಾರನ್‌ಗಳನ್ನು ನೋಡದವರಿಲ್ಲ. ಬೆಂಕಿಯ ಶಾಖ ಎಲೆಗೆ ಹದವಾಗಿ ತಾಗಬೇಕು, ಹೊಗೆ ಒಳಗೆ ನುಗ್ಗಬಾರದು, ಗೋಡೆ ಶಾಖ ಹಿಡಿದಿಡಬೇಕು. ಇಷ್ಟೆಲ್ಲ ಲೆಕ್ಕವನ್ನು ಊರಿನ ಮೇಸ್ತ್ರಿಗಳು ಪುಸ್ತಕವಿಲ್ಲದೆ ಸಾಧಿಸಿದ್ದಾರೆ. ಆ ಬ್ಯಾರನ್ ನಡೆಸಲು ತಂಬಾಕು ಮಂಡಳಿಯ ಲೈಸೆನ್ಸ್ ಬೇಕು. ಎಲೆ ಬೇಯುವ ಕಟ್ಟಡಕ್ಕೆ ಸರಕಾರದ ಕಣ್ಗಾವಲಿದೆ. ಮನುಷ್ಯರು ಬೇಯುವ ತಗಡಿನ ಮನೆಗಳತ್ತ ಯಾರ ಕಣ್ಣೂ ಇಲ್ಲ. ಬ್ಯಾರನ್ ಕಟ್ಟಿದ ಕೈಗೆ ಶಾಖದ ವಿದ್ಯೆ ಗೊತ್ತು. ಅದೇ ವಿದ್ಯೆಯನ್ನು ತಿರುಗಿಸಿ ತಂಪಾದ ಮನೆ ಕಟ್ಟುವುದು ಹೇಗೆಂದು ಒಬ್ಬ ವಿದ್ಯಾರ್ಥಿ ಆ ಮೇಸ್ತ್ರಿಯ ಜೊತೆ ಕೂತು ನಾಲ್ಕು ತಿಂಗಳು ಅಭ್ಯಾಸ ಮಾಡಿದರೆ ಅದು ತರಬೇತಿಯಲ್ಲವೇ?

2019ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ಲಕ್ಷ್ಮಣತೀರ್ಥ ಉಕ್ಕಿ ಹುಣಸೂರಿನ ತಗ್ಗಿನ ಬಡಾವಣೆಗಳಿಗೆ ನುಗ್ಗಿತು, ಕಬಿನಿ ತುಂಬಿ ಹರಿಯಿತು. ಮಣ್ಣಿನ ಗೋಡೆಯ ಮನೆಗಳು ನೆನೆದು ಕುಸಿದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರಕಾರ ಘೋಷಿಸಿತು. ದುಡ್ಡು ಕಂತಿನಲ್ಲಿ ಬಂತು, ಕಾಗದ ಅಲೆದಾಡಿತು. ಆದರೆ ಮತ್ತೆ ನೀರು ಬಂದರೆ ನಿಲ್ಲುವ ಅಡಿಪಾಯ ಹೇಗಿರಬೇಕು, ಗೋಡೆಯ ಬುಡಕ್ಕೆ ಎಷ್ಟು ಎತ್ತರದವರೆಗೆ ಕಲ್ಲು ಕಟ್ಟಬೇಕು, ಸೂರು ಎಷ್ಟು ಮುಂದೆ ಚಾಚಬೇಕು ಎಂದು ಹೇಳಿಕೊಡಲು ಮನೆಮನೆಗೆ ಯಾರು ಹೋದರು? ಆ ಆರು ತಿಂಗಳು ರಾಜ್ಯದ ವಾಸ್ತುಶಿಲ್ಪ ಕಾಲೇಜುಗಳ ತರಬೇತಿ ವಿದ್ಯಾರ್ಥಿಗಳನ್ನು ಬಿದ್ದ ಮನೆಗಳ ಮುಂದೆ ನಿಲ್ಲಿಸಿದ್ದರೆ ಅವರಿಗೂ ವಿದ್ಯೆ ದಕ್ಕುತ್ತಿತ್ತು, ಊರಿಗೂ ಮನೆ ದಕ್ಕುತ್ತಿತ್ತು.

ನಾಗರಹೊಳೆ ಕಾಡಿನಿಂದ ಹೊರಬಂದ ಆದಿವಾಸಿ ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಕೇಂದ್ರವಿದೆ. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಸರಕಾರಿ ಯೋಜನೆಯ ಮನೆಗಳಿವೆ. ಬಿದಿರು, ಮಣ್ಣು, ಹುಲ್ಲಿನಲ್ಲಿ ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳುತ್ತಿದ್ದ ಜೇನುಕುರುಬರಿಗೆ ಅಳತೆಗೆ ತಕ್ಕ ಡಬ್ಬಿಯಂಥ ಮನೆ ಕೊಡುವ ಮುಂಚೆ ಅವರ ಒಲೆ ಎಲ್ಲಿರಬೇಕು, ಹಿರಿಯರು ಎಲ್ಲಿ ಕೂರುತ್ತಾರೆ ಎಂದು ಕೇಳಿದವರು ಎಷ್ಟು ಮಂದಿ? ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಬಂದಾಗ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಬಯಲು ಸೀಮೆಯಲ್ಲಿ ನೆರವು 1.20 ಲಕ್ಷ ರೂಪಾಯಿ ಎಂದು ಗೊತ್ತುಮಾಡಲಾಯಿತು. 25 ಚದರ ಮೀಟರಿನಲ್ಲಿ ಒಂದು ಸಂಸಾರ ಮಾನವಾಗಿ ಬದುಕುವಂತೆ ಮನೆ ಯೋಚಿಸುವುದು ವಾಸ್ತುಶಿಲ್ಪದ ಅತ್ಯಂತ ಕಠಿಣ ಪರೀಕ್ಷೆ. ವಿಲ್ಲಾ ಬರೆಯುವುದಕ್ಕೆ ಅದರ ಅರ್ಧದಷ್ಟು ಬುದ್ಧಿಯೂ ಬೇಡ.

ಎಚ್.ಡಿ. ಕೋಟೆಯ ಗಡಿ ದಾಟಿದರೆ ವಯನಾಡು, ಕೇರಳ. ಅಲ್ಲಿ ಲಾರಿ ಬೇಕರ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ದಶಕಗಳ ಕಾಲ ಮೇಸ್ತ್ರಿಗಳ ಜೊತೆ ಕಟ್ಟಡದ ಸ್ಥಳದಲ್ಲೇ ನಿಂತು ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದರು. 1985ರಲ್ಲಿ ಶುರುವಾದ ಕಾಸ್ಟ್‌ಫರ್ಡ್ ಸಂಸ್ಥೆ ಆ ದಾರಿಯಲ್ಲಿ ನಡೆಯಿತು. ನಿರ್ಮಿತಿ ಕೇಂದ್ರದ ಕಲ್ಪನೆ ಹುಟ್ಟಿದ್ದೂ ಕೇರಳದಲ್ಲಿಯೇ. ನಮ್ಮ ಜಿಲ್ಲೆಗಳಲ್ಲೂ ನಿರ್ಮಿತಿ ಕೇಂದ್ರಗಳಿವೆ, ಮೈಸೂರಿನಲ್ಲೂ ಇದೆ. ಕಡಿಮೆ ಖರ್ಚಿನ ಕಟ್ಟಡ ವಿದ್ಯೆಯನ್ನು ಹಬ್ಬಿಸಲು ಹುಟ್ಟಿದ ಕೇಂದ್ರಗಳು ಸರಕಾರಿ ಗುತ್ತಿಗೆ ಮಾಡುವ ಕಚೇರಿಗಳಾಗಿ ಉಳಿದರೆ ಅವು ಹುಟ್ಟಿದ್ದೇಕೆ?

ವಾದಗಳು ಮತ್ತು ಉತ್ತರಗಳು

ಇದಕ್ಕೆ ಬರುವ ಆಕ್ಷೇಪಗಳನ್ನು ಕಡೆಗಣಿಸುವಂತಿಲ್ಲ. ಮೊದಲನೆಯದು ಗುಣಮಟ್ಟದ್ದು. ಕಟ್ಟಡ ಬಿದ್ದರೆ ಜನ ಸಾಯುತ್ತಾರೆ, ಆದ್ದರಿಂದ ತರಬೇತಿ ಇನ್ನೂ ಬಿಗಿಯಾಗಬೇಕು, ಪದವಿಯ ನಂತರ ಒಂದೆರಡು ವರ್ಷ ದುಡಿದು ಪರೀಕ್ಷೆ ಬರೆದ ಮೇಲೆಯೇ ನೋಂದಣಿ ಕೊಡಬೇಕು ಎಂಬ ಮಾತು ವೃತ್ತಿಯವರ ನಡುವೆ ಆಗಾಗ ಏಳುತ್ತದೆ. ತರಬೇತಿ ಬಿಗಿಯಾಗುವುದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಒಂದು ಸೆಮಿಸ್ಟರಿನ ಖರ್ಚನ್ನೇ ಯಾರು ಹೊರಬೇಕೆಂದು ತೀರ್ಮಾನವಾಗದಿರುವಾಗ ಅದನ್ನು ಎರಡು ವರ್ಷಕ್ಕೆ ಎಳೆದರೆ ಉಳಿಯುವವರು ಯಾರು? ಅಪ್ಪನ ದುಡ್ಡಿನಲ್ಲಿ ಎರಡು ವರ್ಷ ಕಳೆಯಬಲ್ಲವರು. ಅದು ಗುಣಮಟ್ಟದ ಜರಡಿಯಾಗದು, ಕಿಸೆಯ ಜರಡಿಯಾಗುತ್ತದೆ.

ಇದರ ಜೊತೆ ಇನ್ನೊಂದು ಸತ್ಯವನ್ನೂ ಇಟ್ಟು ನೋಡಬೇಕು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ನೋಯ್ಡಾದ ಒಂದು ಪ್ರಕರಣದಲ್ಲಿ 1972ರ ಕಾಯ್ದೆಯ 37ನೇ ಕಲಮಿನ ಅರ್ಥವನ್ನು ಬಿಡಿಸಿ ಹೇಳಿತು. ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂಬ ಹೆಸರು ಬಳಸುವುದನ್ನು ಆ ಕಲಮು ತಡೆಯುತ್ತದೆ; ಕಟ್ಟಡದ ವಿನ್ಯಾಸ ಮಾಡುವುದನ್ನು ತಡೆಯುವುದಿಲ್ಲ. ಅಂದರೆ ಐದು ವರ್ಷದ ಓದು, ಬಿಟ್ಟಿ ತರಬೇತಿ, ಸಾಲ ಇವೆಲ್ಲದರಿಂದ ಕೊನೆಗೆ ಸಿಗುವುದು ಒಂದು ಹೆಸರು. ಆ ಹೆಸರಿಗೆ ಬೆಲೆ ಬರಬೇಕಾದರೆ ಅದರ ಹಿಂದೆ ಕಲಿಕೆ ಇರಬೇಕು, ಕಲಿಕೆ ಜನರಿಗೆ ತಲುಪಬೇಕು. ಟೈಲ್ಸ್ ನಕ್ಷೆ ತಿದ್ದಿದ 16 ವಾರಗಳು ಯಾವ ಕಟ್ಟಡವನ್ನೂ ಬೀಳದಂತೆ ತಡೆಯುವುದಿಲ್ಲ.

ಎರಡನೆಯ ಆಕ್ಷೇಪ ಚಿಕ್ಕ ಕಚೇರಿಗಳದ್ದು. ಇಬ್ಬರು ಮೂವರು ಸೇರಿ ನಡೆಸುವ ಕಚೇರಿ ಶಿಷ್ಯವೇತನವನ್ನು ಎಲ್ಲಿಂದ ತರಬೇಕು? ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಜಿಲ್ಲೆ ತಾಲ್ಲೂಕುಗಳಲ್ಲಿ ಕಚೇರಿ ತೆರೆದ ವಾಸ್ತುಶಿಲ್ಪಿಗಳ ಮೇಲೆ ಹೊರೆ ಹೇರಿದರೆ ಅವರು ತರಬೇತಿಗೆ ಯಾರನ್ನೂ ತೆಗೆದುಕೊಳ್ಳದೇ ಹೋಗಬಹುದು. ಅದಕ್ಕೇ ಅಪ್ರೆಂಟಿಸ್ ಕಾಯ್ದೆಯ ಮಾದರಿ ಮುಂದಿದೆ. ಕಾರ್ಖಾನೆಯ ಮಾಲೀಕನಿಗೆ ಅರ್ಧ ಭರಿಸುವ ಸರಕಾರ ಪಿರಿಯಾಪಟ್ಟಣದಲ್ಲಿ ಕಚೇರಿ ತೆರೆದ ವಾಸ್ತುಶಿಲ್ಪಿಗೆ ಏಕೆ ಭರಿಸಬಾರದು?

ಮೂರನೆಯದು, ಮೈಸೂರಿನಲ್ಲೇ ಕಚೇರಿಗಳಿವೆಯಲ್ಲ, ಹುಣಸೂರಿನಿಂದ ಬಸ್ಸಿನಲ್ಲಿ ಹೋಗಿ ಬರಬಾರದೇ ಎಂಬುದು. ಕೆಲವರು ಹೋಗುತ್ತಾರೆ, ಒಳ್ಳೆಯದೇ. ಆದರೆ ಮೈಸೂರಿನ ಕಾಲೇಜುಗಳ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಜಾಗ ಹುಡುಕುವಾಗ ಪರಿಚಯ, ಶಿಫಾರಸು, ಸರಾಗವಾದ ಇಂಗ್ಲಿಷ್ ಇರುವವರಿಗೆ ಮೊದಲು ಸಿಗುತ್ತದೆ. ಎಚ್.ಡಿ. ಕೋಟೆಯ ಒಳಹಳ್ಳಿಯಿಂದ ಬಂದ ಹುಡುಗನಿಗೆ ಫೋನು ಮಾಡಿ ಮಾತಾಡಿಸಿಕೊಡುವ ಮಾವ ಯಾವ ಕಚೇರಿಯಲ್ಲಿದ್ದಾನೆ?

ಆಗಬೇಕಾದದ್ದು

ಬೇಡಿಕೆಗಳು ನಾಲ್ಕು, ಯಾವುದೂ ಆಕಾಶದ ಮಾತಲ್ಲ. ಒಂದು, ತರಬೇತಿಯ ಸೆಮಿಸ್ಟರಿಗೆ ಕನಿಷ್ಠ ಶಿಷ್ಯವೇತನವನ್ನು ವಾಸ್ತುಶಿಲ್ಪ ಪರಿಷತ್ತು ತನ್ನ ನಿಯಮದಲ್ಲೇ ಬರೆಯಬೇಕು. ಕೊಡದ ಕಚೇರಿಯ ತರಬೇತಿ ಪತ್ರಕ್ಕೆ ಮಾನ್ಯತೆ ಇರಕೂಡದು. ಚಿಕ್ಕ ಕಚೇರಿಗಳ ಪಾಲಿನ ಅರ್ಧವನ್ನು ಸರಕಾರ ಹೊರಬೇಕು.

ಎರಡು, ವೃತ್ತಿಪರ ಕಚೇರಿ ಎಂದರೆ ನಗರದ ಖಾಸಗಿ ಕಚೇರಿಯೆಂಬ ರೂಢಿ ಬದಲಾಗಬೇಕು. ನಿರ್ಮಿತಿ ಕೇಂದ್ರ, ಲೋಕೋಪಯೋಗಿ ಇಲಾಖೆ, ನಗರಸಭೆ, ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳು, ಗ್ರಾಮ ಪಂಚಾಯಿತಿ ಇವೆಲ್ಲವೂ ತರಬೇತಿಯ ಜಾಗಗಳಾಗಬೇಕು. ನೋಂದಾಯಿತ ವಾಸ್ತುಶಿಲ್ಪಿಯೊಬ್ಬರು ಜಿಲ್ಲಾ ಮಟ್ಟದಲ್ಲಿ ಇವರ ಮೇಲ್ವಿಚಾರಣೆ ನೋಡಲಿ, ಸಹಿ ಹಾಕಲಿ. ಪಂಚಾಯತ್ ರಾಜ್ ಕಾಯ್ದೆ ಮನೆ ಕಟ್ಟುವ ಅನುಮತಿಯನ್ನು ಪಂಚಾಯಿತಿಯ ಕೈಯಲ್ಲಿಟ್ಟಿದೆ. ಆದರೆ ಅಲ್ಲಿ ನಕ್ಷೆಯನ್ನು ಓದಿ ಹೇಳುವವರೇ ಇಲ್ಲ.

ಮೂರು, ತರಬೇತಿಯ ಒಂದು ಭಾಗವನ್ನಾದರೂ ಕಟ್ಟಡದ ಸ್ಥಳದಲ್ಲಿ, ಅನುಭವಿ ಮೇಸ್ತ್ರಿಯ ಬಳಿ ಕಳೆಯಬೇಕು. ಆ ಮೇಸ್ತ್ರಿಗೂ ಕಲಿಸಿದ್ದಕ್ಕೆ ಗೌರವಧನ ಸಲ್ಲಬೇಕು. ಐದು ವರ್ಷ ಕೈಯಿಂದ ದುಡಿದವರನ್ನು ಒಮ್ಮೆ ತನ್ನ ರಿಜಿಸ್ಟರಿಗೆ ಸೇರಿಸಿಕೊಂಡ ಕಾಯ್ದೆಗೆ ಇದು ಅಪಮಾನವೇನಲ್ಲ.

ನಾಲ್ಕು, ಅರಿವು ಸಾಲದಂಥ ಯೋಜನೆಗಳೂ ಹಿಂದುಳಿದ ವರ್ಗ, ಪರಿಶಿಷ್ಟರ ವಿದ್ಯಾರ್ಥಿವೇತನಗಳೂ ತರಬೇತಿ ಕಾಲದ ಊಟ ವಸತಿಯ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಮುದಾಯದ ಸಂಘ ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ಶಾದಿಮಹಲಿಗೆ ಅಮೃತಶಿಲೆ ಹಾಕಿಸುವ ದಾನಿಗಳು ಬೆಂಗಳೂರಿನಲ್ಲಿ ನಾಲ್ಕು ವಿದ್ಯಾರ್ಥಿನಿಯರಿಗೆ ನಾಲ್ಕು ತಿಂಗಳ ಆಶ್ರಯ ಕೊಟ್ಟರೆ ಆ ಶಾದಿಮಹಲನ್ನು ಮುಂದೆ ಅವರೇ ಇನ್ನೂ ಚೆನ್ನಾಗಿ, ಇನ್ನೂ ಅಗ್ಗವಾಗಿ ಕಟ್ಟಿಕೊಟ್ಟಾರು.

ತರಬೇತಿ ಬೇಡವೆಂದು ಈ ನಾಲ್ಕು ತಾಲ್ಲೂಕುಗಳ ಯಾವ ತಂದೆ ತಾಯಿಯೂ ಹೇಳುವುದಿಲ್ಲ. ಕಸುಬನ್ನು ಕೈಯಿಂದಲೇ ಕಲಿಯಬೇಕೆಂಬುದು ಅವರಿಗೆ ಯಾವ ಪರಿಷತ್ತಿಗಿಂತಲೂ ಚೆನ್ನಾಗಿ ಗೊತ್ತು. ಅವರ ಪ್ರಶ್ನೆ ಸರಳವಾದದ್ದು. ಮೇಸ್ತ್ರಿಯ ಬಳಿ ಇಟ್ಟಿಗೆ ಹೊರುವ ಹುಡುಗನಿಗೆ ವಾರದ ಕೊನೆಗೆ ಬಟವಾಡೆ ಆಗುತ್ತದೆ. ಅದೇ ಮೇಸ್ತ್ರಿಯ ಮಗಳಿಗೆ ಏಕೆ ಆಗುವುದಿಲ್ಲ? ಉತ್ತರ ಕೊಡಬೇಕಾದವರು ದೆಹಲಿಯಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ. ಕೇಳಬೇಕಾದವರು ನಾವು.